ಮನೆಯಲ್ಲಿ ಲಿಂಕ್ ಆಗುವ ಥ್ರೆಡ್ ಪ್ರೋಗ್ರಾಂ ಲ್ಯಾಬಿನಲ್ಲಿ ಆಗುವುದಿಲ್ಲ. ಆದ ಮೇಲೆ ಉತ್ತರವೂ ಸರಿ ಬರುತ್ತಿಲ್ಲ

ಐದನೇ_ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ಆಪರೇಟಿಂಗ್ ಸಿಸ್ಟಂ ಲ್ಯಾಬಿಗಾಗಿ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ‘ಕೌಂಟರ್’ ಎಂಬ ಒಂದು ಗ್ಲೋಬಲ್ ಪೂರ್ಣಾಂಕವಿದೆ. ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಂದೇ ಫಂಕ್ಷನ್ ಅನ್ನು ಓಡಿಸುತ್ತವೆ. ಆ ಫಂಕ್ಷನ್ 10,00,000 ಬಾರಿ ಲೂಪ್ ತಿರುಗಿ ಪ್ರತಿ ಸಲವೂ ಕೌಂಟರಿಗೆ ಒಂದನ್ನು ಕೂಡಿಸುತ್ತದೆ. ಮೇನ್ ಫಂಕ್ಷನ್ ಎರಡೂ ಥ್ರೆಡ್‌ಗಳನ್ನು ಜಾಯಿನ್ ಮಾಡಿಕೊಂಡ (ಅವು ಮುಗಿಯುವವರೆಗೆ ಕಾದ) ಮೇಲೆ ಮೊತ್ತವನ್ನು ಮುದ್ರಿಸುತ್ತದೆ. ಬರಬೇಕಾದದ್ದು 20,00,000.

ಮನೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಇದೆ. ಅಲ್ಲಿ ಜಿಸಿಸಿ ಕಂಪೈಲರಿಗೆ ಫೈಲಿನ ಹೆಸರೊಂದನ್ನೇ ಕೊಟ್ಟರೂ ಯಾವ ದೂರೂ ಇಲ್ಲದೆ ಕಂಪೈಲ್ ಆಗುತ್ತದೆ. ಲ್ಯಾಬಿನ ಉಬುಂಟು 20.04 ಯಂತ್ರದಲ್ಲಿ ಅದೇ ಫೈಲ್, ಅದೇ ಆಜ್ಞೆ ಕೊಟ್ಟರೆ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಥ್ರೆಡ್_ಕ್ರಿಯೇಟ್’ ಎಂದು ಬರುತ್ತದೆ. ಹೆಡರ್ ಫೈಲನ್ನು ಸೇರಿಸಿಯೇ ಇದ್ದೇನೆ. ಮನೆಯಲ್ಲಿ ತಯಾರಾದ ಎ.ಔಟ್ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಓಡಿಸಿದರೆ ‘ವರ್ಷನ್ ಜಿಲಿಬ್‌ಸಿ_2.34 ನಾಟ್ ಫೌಂಡ್’ ಎನ್ನುತ್ತದೆ.

ಇನ್ನೊಂದು ತೊಂದರೆ ಮನೆಯಲ್ಲಿಯೂ ಇದೆ. ಮೊತ್ತ 20,00,000 ಬರುವುದಿಲ್ಲ. ಓಡಿಸಿದಷ್ಟು ಸಲವೂ ಬೇರೆ ಬೇರೆ, ಯಾವಾಗಲೂ ಕಡಿಮೆ. ಆದರೆ ‘-ಓ2’ (ಕೋಡನ್ನು ವೇಗಗೊಳಿಸುವ ಆಪ್ಟಿಮೈಸೇಷನ್ ಆಯ್ಕೆ) ಹಾಕಿ ಕಂಪೈಲ್ ಮಾಡಿದರೆ ಸರಿಯಾಗಿ 20,00,000 ಬರುತ್ತದೆ. ಹಾಗಾದರೆ ‘-ಓ2’ ಹಾಕಿ ಸಲ್ಲಿಸಬಹುದೇ?

ಲಿಂಕರ್_ಓದುಗ

ಸಲ್ಲಿಸಬೇಡಿ. ಅದಕ್ಕೆ ಕಾರಣವನ್ನು ಬೇರೆಯವರು ಹೇಳುತ್ತಾರೆ. ನಾನು ಮೊದಲ ತೊಂದರೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ದೋಷ ಕಂಡಾಗ ಮೊದಲು ನೋಡಬೇಕಾದದ್ದು ಅದನ್ನು ಹೇಳುತ್ತಿರುವವರು ಯಾರು ಎಂಬುದನ್ನು. ಕಂಪೈಲರ್ ಹೇಳಿದ ದೋಷದಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ, ಅಂಕಣದ ಸಂಖ್ಯೆ ಇರುತ್ತವೆ. ನಿಮ್ಮ ದೋಷದ ಕೊನೆಯ ಸಾಲನ್ನು ಗಮನಿಸಿ: ‘ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’ ಎಂದಿರುತ್ತದೆ. ಎಲ್‌ಡಿ ಎಂದರೆ ಲಿಂಕರ್, ಕಂಪೈಲ್ ಆದ ಕೋಡನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಉಪಕರಣ. ಕಂಪೈಲರಿನ ಕೆಲಸ ಮುಗಿದಿದೆ, ಹೆಡರಿನಲ್ಲಿದ್ದ ಘೋಷಣೆ ಅದಕ್ಕೆ ಸಿಕ್ಕಿದೆ. ಆ ಫಂಕ್ಷನ್ನಿನ ನಿಜವಾದ ಒಡಲು ಯಾವ ಲೈಬ್ರರಿಯಲ್ಲಿದೆ ಎಂಬುದು ಲಿಂಕರಿಗೆ ಗೊತ್ತಾಗಿಲ್ಲ. ಆದ್ದರಿಂದ ಹೆಡರನ್ನು ಎಷ್ಟು ಸಲ ಸೇರಿಸಿದರೂ ಈ ದೋಷ ಹೋಗುವುದಿಲ್ಲ.

ಮನೆಗೂ ಲ್ಯಾಬಿಗೂ ಇರುವ ವ್ಯತ್ಯಾಸ ಜಿಲಿಬ್‌ಸಿಯ, ಅಂದರೆ ಲಿನಕ್ಸಿನ ಮೂಲ ಸಿ ಲೈಬ್ರರಿಯ, ಆವೃತ್ತಿಯದು. ಬಹಳ ಕಾಲ ಥ್ರೆಡ್ ಫಂಕ್ಷನ್‌ಗಳು ಲಿಬ್‌ಪಿಥ್ರೆಡ್ ಎಂಬ ಪ್ರತ್ಯೇಕ ಲೈಬ್ರರಿಯಲ್ಲಿದ್ದವು. 2021ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ ಅವೆಲ್ಲವನ್ನೂ ಮುಖ್ಯ ಲಿಬ್‌ಸಿಯೊಳಗೇ ಸೇರಿಸಲಾಯಿತು. ಉಬುಂಟು 22.04ರಲ್ಲಿರುವುದು 2.35, 20.04ರಲ್ಲಿರುವುದು 2.31. ಹೀಗಾಗಿ ಮನೆಯಲ್ಲಿ ನೀವು ಏನನ್ನೂ ಕೇಳದೆಯೇ ಲೈಬ್ರರಿ ಸಿಗುತ್ತದೆ, ಲ್ಯಾಬಿನಲ್ಲಿ ಕೇಳಿ ಪಡೆಯಬೇಕಾಗುತ್ತದೆ. ಪೆನ್‌ಡ್ರೈವಿನ ಫೈಲ್ ಓಡದಿರುವುದಕ್ಕೂ ಇದೇ ಮೂಲ: ಹೊಸ ಯಂತ್ರದಲ್ಲಿ ಲಿಂಕ್ ಆದ ಫೈಲ್ 2.34ರ ಗುರುತು ಹೊತ್ತ ಸಿಂಬಲ್‌ಗಳನ್ನು (ಫಂಕ್ಷನ್ ಹೆಸರುಗಳನ್ನು) ಕೇಳುತ್ತದೆ, ಹಳೆಯ ಯಂತ್ರದಲ್ಲಿ ಅವು ಇಲ್ಲ. ಹಳೆಯದರಲ್ಲಿ ಕಟ್ಟಿದ್ದನ್ನು ಹೊಸದಕ್ಕೆ ಒಯ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ನಡೆಯುವ ಭರವಸೆ ಇಲ್ಲ.

ಪರಿಹಾರ ‘-ಪಿಥ್ರೆಡ್’ ಎಂಬ ಆಯ್ಕೆ. ಅನೇಕ ಲ್ಯಾಬ್ ಕೈಪಿಡಿಗಳಲ್ಲಿ ‘-ಎಲ್‌ಪಿಥ್ರೆಡ್’ ಎಂದಿರುತ್ತದೆ. ಅದೂ ನಡೆಯುತ್ತದೆ, ಆದರೆ ಅದನ್ನು ಸಿ ಫೈಲಿನ ಹೆಸರಿನ ನಂತರ ಬರೆಯಬೇಕು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ, ಮತ್ತು ಉಬುಂಟುವಿನಲ್ಲಿ ಆ ಹೊತ್ತಿಗೆ ಯಾರಿಗೂ ಬೇಡವಾದ ಲೈಬ್ರರಿಯನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಮೇಕ್‌ಫೈಲ್ ಬಳಸುವವರು ಇದೇ ಕಾರಣಕ್ಕೆ ಲೈಬ್ರರಿಯ ಹೆಸರನ್ನು ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಹಾಕದೆ ಎಲ್‌ಡಿಲಿಬ್ಸ್‌ನಲ್ಲಿ ಹಾಕಬೇಕು. ‘-ಪಿಥ್ರೆಡ್’ ಬರೆದರೆ ಈ ಸ್ಥಾನದ ರಗಳೆ ಇಲ್ಲ. ಕಂಪೈಲ್ ಹಂತಕ್ಕೆ ಬೇಕಾದ ಮ್ಯಾಕ್ರೋವನ್ನೂ ಅದೇ ಕೊಡುತ್ತದೆ.

ಸಿಪ್ಲಸ್‌ಪ್ಲಸ್_ಬಳಕೆದಾರ

ಸಿ++ ಬರೆಯುವವರಿಗಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಹಳೆಯ ಜಿಸಿಸಿಯಲ್ಲಿ ‘-ಪಿಥ್ರೆಡ್’ ಇಲ್ಲದೆಯೂ ಲಿಂಕ್ ಆಗಿಬಿಡುತ್ತಿತ್ತು. ಓಡಿಸಿದಾಗ ಮಾತ್ರ ‘ಎನೇಬಲ್ ಮಲ್ಟಿಥ್ರೆಡಿಂಗ್ ಟು ಯೂಸ್ ಎಸ್‌ಟಿಡಿ::ಥ್ರೆಡ್: ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ಹೇಳಿ ಸಾಯುತ್ತಿತ್ತು. ಅನುಮತಿಯ ತೊಂದರೆಯೆಂದು ಭಾವಿಸಿ ಸುಡೋ ಹಾಕಿ ಓಡಿಸಿದವರೂ ಇದ್ದಾರೆ. ಇಲ್ಲಿ ಅನುಮತಿಯ ಪ್ರಶ್ನೆಯೇ ಇಲ್ಲ.

‘ಟರ್ಮಿನೇಟ್ ಕಾಲ್ಡ್ ವಿದೌಟ್ ಆ್ಯನ್ ಆ್ಯಕ್ಟಿವ್ ಎಕ್ಸೆಪ್ಷನ್’ ಎಂಬುದು ಇನ್ನೊಂದು ಗೊಂದಲದ ಸಂದೇಶ. ಎಕ್ಸೆಪ್ಷನ್ ಇಲ್ಲವೆಂದು ಅದೇ ಹೇಳುತ್ತಿದ್ದರೂ ಜನ ಎಕ್ಸೆಪ್ಷನ್ ಹುಡುಕುತ್ತಾ ಕೂರುತ್ತಾರೆ. ಥ್ರೆಡ್ ವಸ್ತುವನ್ನು ಜಾಯಿನ್ ಅಥವಾ ಡಿಟ್ಯಾಚ್ ಮಾಡದೆ ಅದರ ವ್ಯಾಪ್ತಿ ಮುಗಿಯಲು ಬಿಟ್ಟರೆ ಡಿಸ್ಟ್ರಕ್ಟರ್ ನೇರವಾಗಿ ಟರ್ಮಿನೇಟ್ ಅನ್ನು ಕರೆಯುತ್ತದೆ. ಸಿ++20ರ ಜೆಥ್ರೆಡ್ ತಾನಾಗಿಯೇ ಜಾಯಿನ್ ಮಾಡಿಕೊಳ್ಳುತ್ತದೆ.

ಪುಟಗಟ್ಟಲೆ ಬರುವ ಕಂಪೈಲ್ ದೋಷದ ನಡುವೆ ‘ಎಸ್‌ಟಿಡಿ::ಥ್ರೆಡ್ ಆರ್ಗ್ಯುಮೆಂಟ್ಸ್ ಮಸ್ಟ್ ಬಿ ಇನ್‌ವೋಕಬಲ್ ಆಫ್ಟರ್ ಕನ್ವರ್ಷನ್ ಟು ಆರ್‌ವ್ಯಾಲ್ಯೂಸ್’ ಎಂಬ ಸಾಲು ಕಂಡರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ. ನಿಮ್ಮ ಫಂಕ್ಷನ್ ರೆಫರೆನ್ಸ್ ಕೇಳುತ್ತಿದೆ, ಥ್ರೆಡ್ ತನ್ನ ಆರ್ಗ್ಯುಮೆಂಟ್‌ಗಳನ್ನು ನಕಲು ಮಾಡಿ ಇಟ್ಟುಕೊಳ್ಳುತ್ತದೆ. ನಿಜವಾಗಿಯೂ ಮೂಲ ಚರವೇ ಬೇಕಿದ್ದರೆ ಎಸ್‌ಟಿಡಿ::ರೆಫ್ ಬಳಸಿ, ಮತ್ತು ಥ್ರೆಡ್ ಮುಗಿಯುವವರೆಗೂ ಆ ಚರ ಬದುಕಿರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಬೀಗದಕೈ

ಈಗ ಎರಡನೆಯ ತೊಂದರೆಗೆ ಬರೋಣ. ನನ್ನ ಮಟ್ಟಿಗೆ ಇದೇ ದೊಡ್ಡದು.

ಕೌಂಟರಿಗೆ ಒಂದನ್ನು ಕೂಡಿಸುವುದು ಬರೆಯುವವರಿಗೆ ಒಂದು ಹೆಜ್ಜೆ, ಯಂತ್ರಕ್ಕೆ ಮೂರು. ಆಪ್ಟಿಮೈಸೇಷನ್ ಇಲ್ಲದೆ ಕಂಪೈಲ್ ಮಾಡಿ ‘ಆಬ್ಜ್‌ಡಂಪ್ -ಡಿ’ ಆಜ್ಞೆಯಿಂದ ಅಸೆಂಬ್ಲಿ ತೆರೆದು ನೋಡಿದರೆ ಕಣ್ಣಿಗೇ ಕಾಣುತ್ತದೆ: ಮೆಮೊರಿಯಿಂದ ಕೌಂಟರನ್ನು ರಿಜಿಸ್ಟರಿಗೆ ತರುವುದು, ರಿಜಿಸ್ಟರಿನಲ್ಲಿ ಒಂದನ್ನು ಕೂಡಿಸುವುದು, ಮತ್ತೆ ಮೆಮೊರಿಗೆ ಬರೆಯುವುದು. ಮೊದಲನೆಯ ಥ್ರೆಡ್ 500 ಎಂದು ಓದಿ ಇನ್ನೂ ಬರೆಯುವ ಮೊದಲೇ ಎರಡನೆಯದೂ 500 ಎಂದು ಓದಿದರೆ ಇಬ್ಬರೂ 501 ಎಂದೇ ಬರೆಯುತ್ತಾರೆ; ಎರಡು ಸಲ ಕೂಡಿಸಿದ್ದರಲ್ಲಿ ಒಂದು ಕಳೆದುಹೋಯಿತು. ಮೊತ್ತ ಯಾವಾಗಲೂ ಕಡಿಮೆಯೇ ಬರುವುದು ಇದರಿಂದ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಮೂರು ಹೆಜ್ಜೆಗಳ ಲೆಕ್ಕದಲ್ಲಿ ಬರಬಹುದಾದ ಅತ್ಯಂತ ಕಡಿಮೆ ಉತ್ತರ 10,00,000 ಅಲ್ಲ, ಕೇವಲ 2. ಹೇಗೆ ಎಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡಿ. ಮೌಖಿಕ ಪರೀಕ್ಷೆಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆ.

ಈಗ ‘-ಓ2’ ಹಾಕಿ ತಯಾರಿಸಿದ ಫೈಲನ್ನು ಅದೇ ರೀತಿ ತೆರೆಯಿರಿ. ಲೂಪೇ ಇರುವುದಿಲ್ಲ! ಇಡೀ ಲೂಪಿನ ಜಾಗದಲ್ಲಿ ಒಂದೇ ಒಂದು ಕೂಡಿಸುವ ಆದೇಶವಿದ್ದು, ಅದರ ಪಕ್ಕದಲ್ಲಿ 0ಎಕ್ಸ್‌ಎಫ್4240 ಎಂಬ ಹೆಕ್ಸ್ ಸಂಖ್ಯೆ ಇರುತ್ತದೆ. ಅದು 10,00,000. ಲೂಪಿನ ಒಟ್ಟು ಪರಿಣಾಮ ಇಷ್ಟೇ ಎಂದು ಕಂಪೈಲರ್ ಮೊದಲೇ ಲೆಕ್ಕ ಹಾಕಿ, ಪ್ರತಿ ಥ್ರೆಡ್ಡಿಗೂ ಒಂದೇ ಸಲ ಕೂಡಿಸಿ ಮುಗಿಸುವ ಕೆಲಸ ಕೊಟ್ಟಿದೆ. ಎರಡನೆಯ ಥ್ರೆಡ್ ಹುಟ್ಟಿ ಕೆಲಸ ಆರಂಭಿಸುವಷ್ಟರಲ್ಲಿ ಮೊದಲನೆಯದು ಮುಗಿದೇ ಹೋಗಿರುತ್ತದೆ. ಡಿಕ್ಕಿ ಹೊಡೆಯಲು ಸಮಯವೇ ಸಿಗದ ಕಾರಣ ಉತ್ತರ ಸರಿ ಬರುತ್ತಿದೆ; ಬಗ್ ಇದ್ದಲ್ಲೇ ಇದೆ. ಫಂಕ್ಷನ್ನಿನಲ್ಲಿ ಇನ್ನೊಂದಿಷ್ಟು ಕೆಲಸ ಸೇರಿದ ದಿನ ಅದು ಮತ್ತೆ ಹೊರಬರುತ್ತದೆ.

ಸಿ11 ಮತ್ತು ಸಿ++11 ಮಾನಕಗಳ ಪ್ರಕಾರ, ಎರಡು ಥ್ರೆಡ್‌ಗಳು ಯಾವ ಹೊಂದಾಣಿಕೆಯೂ ಇಲ್ಲದೆ ಒಂದೇ ಸ್ಥಳವನ್ನು ಮುಟ್ಟಿ, ಅವುಗಳಲ್ಲಿ ಒಂದಾದರೂ ಬರೆಯುತ್ತಿದ್ದರೆ ಅದು ಡೇಟಾ ರೇಸ್. ಆ ಪ್ರೋಗ್ರಾಮಿನ ನಡವಳಿಕೆಗೆ ಮಾನಕ ಯಾವ ಹೊಣೆಯನ್ನೂ ಹೊರುವುದಿಲ್ಲ. ಕೂಡಿಸುವ ಸಾಲಿನ ಹಿಂದೆ ಮುಂದೆ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗ) ಲಾಕ್, ಅನ್‌ಲಾಕ್ ಹಾಕಿ, ಇಲ್ಲವೇ ಚರವನ್ನು ಅಟಾಮಿಕ್ (ನಡುವೆ ಬೇರೆ ಥ್ರೆಡ್ ನುಸುಳದಂತೆ ಒಂದೇ ಹೆಜ್ಜೆಯಲ್ಲಿ ಬದಲಾಗುವುದು) ಎಂದು ಘೋಷಿಸಿ. ನಾನಾದರೆ ಎರಡನ್ನೂ ಲೂಪಿನೊಳಗೆ ಇಡುವುದಿಲ್ಲ: ಪ್ರತಿ ಥ್ರೆಡ್ ತನ್ನದೇ ಲೋಕಲ್ ಚರದಲ್ಲಿ ಎಣಿಸಿಕೊಂಡು, ಕೊನೆಯಲ್ಲಿ ಒಂದೇ ಸಲ ಲಾಕ್ ಹಿಡಿದು ಮೊತ್ತಕ್ಕೆ ಸೇರಿಸಲಿ. ಹತ್ತು ಲಕ್ಷ ಸಲ ಲಾಕ್ ಹಿಡಿದು ಬಿಡುವ ಪ್ರೋಗ್ರಾಂ ಒಂದೇ ಥ್ರೆಡ್ಡಿನದಕ್ಕಿಂತ ನಿಧಾನವಾಗುವುದೇ ಹೆಚ್ಚು.

ಎಂಬೆಡೆಡ್_ಕಡೆಯಿಂದ

ಇಷ್ಟೆಲ್ಲ ಏಕೆ? ಕೌಂಟರನ್ನು ವೊಲಟೈಲ್ ಎಂದು ಘೋಷಿಸಿದರೆ ಸಾಲದೇ? ಮೈಕ್ರೋಕಂಟ್ರೋಲರ್ ಕೆಲಸದಲ್ಲಿ ಇಂಟರಪ್ಟ್ ಮತ್ತು ಮೇನ್ ನಡುವಿನ ಫ್ಲ್ಯಾಗಿಗೆ ನಾವು ಹಾಗೆಯೇ ಮಾಡುತ್ತೇವೆ.

ಬೀಗದಕೈ

ಸಾಲದು. ವೊಲಟೈಲ್ ಹೇಳುವುದು ಇಷ್ಟನ್ನೇ: ಈ ಚರವನ್ನು ಪ್ರತಿ ಸಲವೂ ಮೆಮೊರಿಯಿಂದಲೇ ಓದು, ಮೆಮೊರಿಗೇ ಬರೆ. ಓದು, ಕೂಡಿಸು, ಬರೆ ಎಂಬ ಮೂರನ್ನು ಅದು ಒಂದಾಗಿ ಬೆಸೆಯುವುದಿಲ್ಲ. ಪ್ರಶ್ನೆ ಕೇಳಿದವರು ಪ್ರಯೋಗ ಮಾಡಿ ನೋಡಬಹುದು: ವೊಲಟೈಲ್ ಹಾಕಿ ‘-ಓ2’ದೊಂದಿಗೆ ಕಂಪೈಲ್ ಮಾಡಿದರೆ ಮಾಯವಾಗಿದ್ದ ಲೂಪ್ ಹಿಂದಿರುಗುತ್ತದೆ, ತಪ್ಪು ಮೊತ್ತವೂ ಹಿಂದಿರುಗುತ್ತದೆ. ಒಂದೇ ಕೋರ್ ಇರುವ ಚಿಪ್ಪಿನಲ್ಲಿ, ಒಬ್ಬರು ಮಾತ್ರ ಬರೆದು ಇನ್ನೊಬ್ಬರು ಮಾತ್ರ ಓದುವ ಫ್ಲ್ಯಾಗಿಗೆ ನಿಮ್ಮ ಕ್ರಮ ನಡೆಯುತ್ತಿರಬಹುದು. ಅದನ್ನು ಅನೇಕ ಕೋರ್‌ಗಳ ಯಂತ್ರಕ್ಕೆ ತರುವಂತಿಲ್ಲ. ಇಂಟೆಲ್ ಯಂತ್ರದಲ್ಲಿ ಮೂರೂ ಸೇರಿ ಒಂದೇ ಆದೇಶವಾದರೂ, ಅದಕ್ಕೆ ಲಾಕ್ ಎಂಬ ಪೂರ್ವಪದವಿಲ್ಲದಿದ್ದರೆ ಎರಡು ಕೋರ್‌ಗಳ ನಡುವೆ ಅದು ಅಟಾಮಿಕ್ ಆಗುವುದಿಲ್ಲ.

ಫ್ಲ್ಯಾಗಿನ ಉದಾಹರಣೆ ಎತ್ತಿದ್ದು ಒಳ್ಳೆಯದಾಯಿತು. ಸಾಧಾರಣ ಚರವನ್ನು ಫ್ಲ್ಯಾಗ್ ಮಾಡಿಕೊಂಡು ಅದು ಬದಲಾಗುವವರೆಗೆ ಖಾಲಿ ಲೂಪಿನಲ್ಲಿ ಕಾಯುವ ಪ್ರೋಗ್ರಾಂ ‘-ಓ2’ ಹಾಕಿದೊಡನೆ ಶಾಶ್ವತವಾಗಿ ನಿಂತುಬಿಡಬಹುದು, ಏಕೆಂದರೆ ಕಂಪೈಲರ್ ಒಮ್ಮೆ ಮಾತ್ರ ಓದಿ ಅದೇ ಬೆಲೆಯನ್ನು ನಂಬುತ್ತದೆ. ಅಲ್ಲಿ ಆಪ್ಟಿಮೈಸೇಷನ್ ಬಗ್ಗನ್ನು ಹೊರಗೆಳೆಯಿತು, ಇಲ್ಲಿ ಮುಚ್ಚಿತು.

ಸ್ಯಾನಿಟೈಸರ್_ಅಭಿಮಾನಿ

ಉತ್ತರ ಸರಿ ಬಂದಿತೇ ಎಂದು ನೋಡಿ ರೇಸ್ ಇಲ್ಲವೆಂದು ತೀರ್ಮಾನಿಸುವ ಅಭ್ಯಾಸವನ್ನೇ ಬಿಡಬೇಕು. ‘-ಎಫ್‌ಸ್ಯಾನಿಟೈಸ್=ಥ್ರೆಡ್ -ಜಿ’ ಎಂದು ಹಾಕಿ ಕಂಪೈಲ್ ಮಾಡಿ ಓಡಿಸಿ. ಥ್ರೆಡ್‌ಸ್ಯಾನಿಟೈಸರ್ ಎಂಬ ಈ ರೇಸ್ ಪತ್ತೆಹಚ್ಚುವ ಉಪಕರಣ ಜಿಸಿಸಿ 4.8ರಿಂದಲೂ ಇದೆ, ಆದ್ದರಿಂದ ನಿಮ್ಮ ಲ್ಯಾಬಿನಲ್ಲಿಯೂ ಸಿಗುತ್ತದೆ. ‘ವಾರ್ನಿಂಗ್: ಥ್ರೆಡ್‌ಸ್ಯಾನಿಟೈಸರ್: ಡೇಟಾ ರೇಸ್’ ಎಂಬ ಶೀರ್ಷಿಕೆಯ ಕೆಳಗೆ ಯಾವ ಥ್ರೆಡ್ ಯಾವ ಸಾಲಿನಲ್ಲಿ 4 ಬೈಟ್ ಬರೆಯಿತು, ಅದಕ್ಕೂ ಮೊದಲು ಇನ್ನೊಂದು ಥ್ರೆಡ್ ಯಾವ ಸಾಲಿನಲ್ಲಿ ಅದನ್ನೇ ಮುಟ್ಟಿತ್ತು ಎಂಬ ಎರಡೂ ವಿವರಗಳಿರುತ್ತವೆ. ಮುದ್ರಿತವಾದ ಮೊತ್ತ 20,00,000 ಆಗಿದ್ದರೂ ಅದು ರೇಸನ್ನು ತೋರಿಸುತ್ತದೆ, ಏಕೆಂದರೆ ಅದು ಫಲಿತಾಂಶವನ್ನಲ್ಲ, ಎರಡು ಪ್ರವೇಶಗಳ ನಡುವೆ ಕ್ರಮ ನಿಗದಿಯಾಗಿದೆಯೇ ಎಂಬುದನ್ನು ಪರೀಕ್ಷಿಸುತ್ತದೆ. ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನವಾಗುತ್ತದೆ. ಲ್ಯಾಬಿನ ಪ್ರೋಗ್ರಾಮಿಗೆ ಅದೇನೂ ಹೊರೆಯಲ್ಲ. ಓಡದೇ ಉಳಿದ ಕೋಡಿನ ಬಗ್ಗೆ ಮಾತ್ರ ಅದು ಏನನ್ನೂ ಹೇಳಲಾರದು.

ಕೆಲವು ಹೊಸ ಕರ್ನೆಲ್‌ಗಳಲ್ಲಿ ಈ ಉಪಕರಣವೇ ‘ಫೇಟಲ್: ಥ್ರೆಡ್‌ಸ್ಯಾನಿಟೈಸರ್: ಅನೆಕ್ಸ್‌ಪೆಕ್ಟೆಡ್ ಮೆಮೊರಿ ಮ್ಯಾಪಿಂಗ್’ ಎಂದು ಹೇಳಿ ನಿಲ್ಲುತ್ತದೆ. ಅದು ನಿಮ್ಮ ಕೋಡಿನ ದೋಷವಲ್ಲ. ಕರ್ನೆಲ್ ವಿಳಾಸಗಳನ್ನು ಯಾದೃಚ್ಛಿಕವಾಗಿ ಹಂಚುವ ವ್ಯಾಪ್ತಿ ದೊಡ್ಡದಾಗಿರುವುದರಿಂದ ಹೀಗಾಗುತ್ತದೆ. ‘ಸೆಟ್‌ಆರ್ಚ್ -ಆರ್’ ಮೂಲಕ ಓಡಿಸಿದರೆ ಆ ಯಾದೃಚ್ಛಿಕತೆ ಆ ಒಂದು ಓಟಕ್ಕೆ ಮಾತ್ರ ಇಲ್ಲವಾಗುತ್ತದೆ.

ಐದನೇ_ಸೆಮಿಸ್ಟರ್

ಎಲ್ಲರಿಗೂ ಧನ್ಯವಾದ. ‘-ಪಿಥ್ರೆಡ್’ ಹಾಕಿದ ಮೇಲೆ ಲ್ಯಾಬಿನಲ್ಲಿ ಲಿಂಕ್ ಆಯಿತು. ಲೋಕಲ್ ಚರದಲ್ಲಿ ಎಣಿಸಿ ಕೊನೆಗೆ ಲಾಕ್ ಹಿಡಿಯುವಂತೆ ಬದಲಾಯಿಸಿದೆ, ಸ್ಯಾನಿಟೈಸರ್ ಈಗ ಮೌನವಾಗಿದೆ. ಹೆಕ್ಸ್ ಸಂಖ್ಯೆಯನ್ನೂ ನೋಡಿದೆ.

ಮುಂದಿನ ಎರಡು ಅಭ್ಯಾಸಗಳಲ್ಲಿ ಹೊಸ ತೊಂದರೆಗಳು ಬಂದಿವೆ. ಮೊದಲನೆಯದರಲ್ಲಿ ನಾಲ್ಕು ಥ್ರೆಡ್‌ಗಳಿಗೆ 0ರಿಂದ 3ರವರೆಗೆ ಕ್ರಮಸಂಖ್ಯೆ ಕೊಡಬೇಕು. ಫಾರ್ ಲೂಪಿನ ‘ಐ’ ಚರದ ವಿಳಾಸವನ್ನು ಕೊನೆಯ ಆರ್ಗ್ಯುಮೆಂಟ್ ಆಗಿ ಕಳುಹಿಸುತ್ತಿದ್ದೇನೆ. ಮುದ್ರಿತವಾಗುವುದು ಕೆಲವೊಮ್ಮೆ 1, 2, 3, 3, ಕೆಲವೊಮ್ಮೆ 4 ಕೂಡ. ಎರಡನೆಯದು ಎರಡು ಬ್ಯಾಂಕ್ ಖಾತೆಗಳ ನಡುವೆ ಹಣ ವರ್ಗಾಯಿಸುವ ಪ್ರೋಗ್ರಾಂ. ಪ್ರತಿ ಖಾತೆಗೂ ಒಂದು ಮ್ಯೂಟೆಕ್ಸ್ ಇದೆ. ಒಂದು ಥ್ರೆಡ್ ‘ಅ’ದಿಂದ ‘ಬ’ಕ್ಕೂ, ಇನ್ನೊಂದು ‘ಬ’ದಿಂದ ‘ಅ’ಕ್ಕೂ ವರ್ಗಾಯಿಸುತ್ತದೆ. ಅದು ಯಾವ ದೋಷವನ್ನೂ ಹೇಳದೆ ಸುಮ್ಮನೆ ನಿಂತುಬಿಡುತ್ತದೆ.

ಲಿಂಕರ್_ಓದುಗ

ಮೊದಲನೆಯದಕ್ಕೆ: ನೀವು ನಾಲ್ವರಿಗೂ ಒಂದೇ ವಿಳಾಸ ಕೊಟ್ಟಿದ್ದೀರಿ. ಥ್ರೆಡ್ ಎದ್ದು ಅಲ್ಲಿಗೆ ಹೋಗಿ ಓದುವಷ್ಟರಲ್ಲಿ ಮೇನ್ ಆ ‘ಐ’ಯನ್ನು ಮುಂದಕ್ಕೆ ಒಯ್ದಿರುತ್ತದೆ; ಲೂಪ್ ಮುಗಿದ ಮೇಲೆ ಓದಿದವರಿಗೆ 4 ಸಿಗುತ್ತದೆ. ನಾಲ್ಕು ಅಂಶಗಳ ಒಂದು ಅರೇ ಮಾಡಿ ಪ್ರತಿ ಥ್ರೆಡ್ಡಿಗೂ ಅದರದೇ ಅಂಶದ ವಿಳಾಸ ಕೊಡಿ. ಸಂಖ್ಯೆಯನ್ನೇ ಪಾಯಿಂಟರಾಗಿ ಎರಕ ಹೊಯ್ದು ಕಳುಹಿಸುವವರಿಗೆ ‘ಕಾಸ್ಟ್ ಟು ಪಾಯಿಂಟರ್ ಫ್ರಮ್ ಇಂಟಿಜರ್ ಆಫ್ ಡಿಫರೆಂಟ್ ಸೈಜ್’ ಎಂಬ ಎಚ್ಚರಿಕೆ ಬರುತ್ತದೆ, ಏಕೆಂದರೆ 64 ಬಿಟ್ ಲಿನಕ್ಸಿನಲ್ಲಿ ಇಂಟ್ 4 ಬೈಟ್, ಪಾಯಿಂಟರ್ 8 ಬೈಟ್. ನಡುವೆ ಇಂಟ್‌ಪಿಟಿಆರ್_ಟಿ ಬಳಸಿದರೆ ಆ ಎಚ್ಚರಿಕೆ ಹೋಗುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ವಿಷಯ. ಥ್ರೆಡ್ ಫಂಕ್ಷನ್ ವಾಯ್ಡ್ ಪಾಯಿಂಟರನ್ನು ಪಡೆದು ವಾಯ್ಡ್ ಪಾಯಿಂಟರನ್ನೇ ಹಿಂದಿರುಗಿಸಬೇಕು. ಬರೀ ವಾಯ್ಡ್ ಎಂದು ಬರೆದ ಹಳೆಯ ಲ್ಯಾಬ್ ಕೋಡುಗಳು ಇಷ್ಟು ಕಾಲ ‘ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್’ ಎಂಬ ಎಚ್ಚರಿಕೆಯಲ್ಲೇ ಪಾರಾಗುತ್ತಿದ್ದವು. 2024ರಲ್ಲಿ ಬಂದ ಜಿಸಿಸಿ 14 ಅದನ್ನು ಪೂರ್ಣ ದೋಷವೆಂದೇ ಪರಿಗಣಿಸುತ್ತದೆ. ಕೈಪಿಡಿಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಹಠಾತ್ತನೆ ಕೈಕೊಟ್ಟರೆ ಇದನ್ನು ಮೊದಲು ನೋಡಿ.

ಪಿಥ್ರೆಡ್_ಕ್ರಿಯೇಟ್ ವಿಫಲವಾದಾಗ ಪಿಎರರ್ ಫಂಕ್ಷನ್ ಕರೆದು ‘ಸಕ್ಸೆಸ್’ ಎಂಬ ಉತ್ತರ ಪಡೆದು ಬೆಪ್ಪಾಗಬೇಡಿ. ಈ ಫಂಕ್ಷನ್‌ಗಳು ಎರ್‌ನೋವನ್ನು (ಪಿಎರರ್ ಓದುವ ದೋಷಸಂಖ್ಯೆಯ ಚರವನ್ನು) ಮುಟ್ಟುವುದಿಲ್ಲ. ದೋಷದ ಸಂಖ್ಯೆಯನ್ನೇ ನೇರವಾಗಿ ಹಿಂದಿರುಗಿಸುತ್ತವೆ. ಅದನ್ನು ಹಿಡಿದು ಎಸ್‌ಟಿಆರ್‌ಎರರ್‌ಗೆ ಕೊಡಬೇಕು.

ಬೀಗದಕೈ

ಎರಡನೆಯದು ಡೆಡ್‌ಲಾಕ್, ಅಂದರೆ ಥ್ರೆಡ್‌ಗಳು ಪರಸ್ಪರರ ಬೀಗಕ್ಕಾಗಿ ಕಾಯುತ್ತಾ ನಿಂತುಬಿಡುವುದು; ಊಹಿಸುವ ಬದಲು ನೋಡಿಯೇ ತಿಳಿಯಬಹುದು. ಪ್ರೋಗ್ರಾಮನ್ನು ‘-ಜಿ’ ಹಾಕಿ ಕಂಪೈಲ್ ಮಾಡಿ, ನಿಲ್ಲುವವರೆಗೆ ಓಡಿಸಿ, ಕೊಲ್ಲದೆ ಹಾಗೆಯೇ ಬಿಡಿ. ಇನ್ನೊಂದು ಟರ್ಮಿನಲ್ಲಿನಲ್ಲಿ ಅದರ ಪ್ರೋಸೆಸ್ ಸಂಖ್ಯೆ ಹುಡುಕಿ ‘ಜಿಡಿಬಿ -ಪಿ’ (ಜಿಡಿಬಿ ಎಂದರೆ ಓಡುತ್ತಿರುವ ಪ್ರೋಗ್ರಾಮಿನ ಒಳಗನ್ನು ತೋರಿಸುವ ಡಿಬಗ್ಗರ್) ಎಂದು ಆ ಸಂಖ್ಯೆಯೊಂದಿಗೆ ಸೇರಿಕೊಳ್ಳಿ. ಉಬುಂಟುವಿನಲ್ಲಿ ಇದಕ್ಕೆ ಸುಡೋ ಬೇಕಾಗುತ್ತದೆ. ಒಳಗೆ ‘ಥ್ರೆಡ್ ಅಪ್ಲೈ ಆಲ್ ಬಿಟಿ’ ಎಂಬ ಆಜ್ಞೆ ಕೊಟ್ಟರೆ ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಎಂಬುದು ಸಾಲುಸಾಲಾಗಿ ಬರುತ್ತದೆ. ಮೇನ್ ಜಾಯಿನಿನಲ್ಲಿ ಕಾಯುತ್ತಿರುತ್ತದೆ, ಅದು ಸಹಜ. ಉಳಿದ ಎರಡೂ ಪಿಥ್ರೆಡ್_ಮ್ಯೂಟೆಕ್ಸ್_ಲಾಕ್ ಒಳಗೆ ನಿಂತಿರುತ್ತವೆ, ಮತ್ತು ಎರಡೂ ನಿಮ್ಮ ವರ್ಗಾವಣೆ ಫಂಕ್ಷನ್ನಿನ ಎರಡನೆಯ ಲಾಕ್ ಸಾಲಿನಿಂದ ಬಂದವು.

ಮುಂದಿನ ಹೆಜ್ಜೆ ಅನೇಕರಿಗೆ ಗೊತ್ತಿರುವುದಿಲ್ಲ. ಜಿಡಿಬಿಯಲ್ಲೇ ಆ ಮ್ಯೂಟೆಕ್ಸ್ ಚರವನ್ನು ಮುದ್ರಿಸಿ. ಅದರೊಳಗೆ ‘__ಓನರ್’ ಎಂಬ ಅಂಶವಿದೆ. ಲಾಕನ್ನು ಈಗ ಹಿಡಿದಿರುವ ಥ್ರೆಡ್ಡಿನ ಸಂಖ್ಯೆ ಅಲ್ಲಿರುತ್ತದೆ. ‘ಇನ್ಫೋ ಥ್ರೆಡ್ಸ್’ ಆಜ್ಞೆ ತೋರಿಸುವ ಎಲ್‌ಡಬ್ಲ್ಯುಪಿ (ಕರ್ನೆಲ್ ಪ್ರತಿ ಥ್ರೆಡ್ಡಿಗೆ ಕೊಟ್ಟ) ಸಂಖ್ಯೆಯೊಂದಿಗೆ ಅದನ್ನು ತಾಳೆ ನೋಡಿ. ‘ಅ’ದ ಬೀಗ ಮೊದಲನೆಯ ಥ್ರೆಡ್ಡಿನ ಬಳಿ, ‘ಬ’ದ ಬೀಗ ಎರಡನೆಯದರ ಬಳಿ, ಇಬ್ಬರೂ ಇನ್ನೊಬ್ಬರ ಕೈಯಲ್ಲಿರುವುದನ್ನೇ ಕಾಯುತ್ತಿದ್ದಾರೆ ಎಂಬುದು ಲಿಖಿತವಾಗಿಯೇ ಸಿಗುತ್ತದೆ.

ಪರಿಹಾರ: ಹಣ ಯಾವ ದಿಕ್ಕಿಗೆ ಹೋಗುತ್ತಿದ್ದರೂ ಲಾಕ್ ಹಿಡಿಯುವ ಕ್ರಮ ಒಂದೇ ಇರಲಿ. ಖಾತೆ ಸಂಖ್ಯೆ ಚಿಕ್ಕದಿರುವುದನ್ನು ಮೊದಲು, ದೊಡ್ಡದಿರುವುದನ್ನು ನಂತರ ಹಿಡಿಯಿರಿ. ಸಿ++17ರಲ್ಲಿ ಸ್ಕೋಪ್ಡ್_ಲಾಕಿಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಡೆಡ್‌ಲಾಕ್ ಆಗದಂತೆ ಅದೇ ನೋಡಿಕೊಳ್ಳುತ್ತದೆ.

ಸಿಪ್ಲಸ್‌ಪ್ಲಸ್_ಬಳಕೆದಾರ

ಸ್ಕೋಪ್ಡ್_ಲಾಕ್ ಬಳಸುವಾಗಲೂ, ಯೂನಿಕ್_ಲಾಕ್ ಬಳಸುವಾಗಲೂ ಆ ವಸ್ತುವಿಗೆ ಒಂದು ಹೆಸರಿಡುವುದನ್ನು ಮರೆಯಬೇಡಿ. ಯೂನಿಕ್_ಲಾಕ್ ಎಂದು ಬರೆದು, ಹೆಸರಿಲ್ಲದೆ ನೇರವಾಗಿ ಆವರಣದಲ್ಲಿ ಮ್ಯೂಟೆಕ್ಸನ್ನು ಇಟ್ಟರೆ ಕಂಪೈಲರ್ ಅದನ್ನು ಮ್ಯೂಟೆಕ್ಸಿನ ಹೆಸರಿನದೇ ಒಂದು ಹೊಸ, ಖಾಲಿ ಲಾಕಿನ ಘೋಷಣೆಯೆಂದು ಓದುತ್ತದೆ. ಏನೂ ಲಾಕ್ ಆಗುವುದಿಲ್ಲ, ದೋಷವೂ ಬರುವುದಿಲ್ಲ.

ಜಾವಾ_ವಿಭಾಗ

ಜಾವಾದಲ್ಲಿ ಇದೇ ಪರೀಕ್ಷೆ ಇನ್ನೂ ಸುಲಭ. ನಿಂತ ಪ್ರೋಗ್ರಾಮಿನ ಮೇಲೆ ಜೆಸ್ಟ್ಯಾಕ್ ಎಂಬ ಜಾವಾ ಉಪಕರಣವನ್ನು ಓಡಿಸಿದರೆ ಕೊನೆಯಲ್ಲಿ ‘ಫೌಂಡ್ ಒನ್ ಜಾವಾ-ಲೆವೆಲ್ ಡೆಡ್‌ಲಾಕ್’ ಎಂದು ಅದೇ ಹೆಸರಿಸುತ್ತದೆ. ನಮ್ಮಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಬೇರೆ ಕಡೆ: ಸ್ಟಾರ್ಟ್ ಬದಲು ರನ್ ಅನ್ನು ಕರೆಯುತ್ತಾರೆ. ಕಂಪೈಲ್ ಆಗುತ್ತದೆ, ಓಡುತ್ತದೆ, ಉತ್ತರವೂ ಸದಾ ಸರಿ ಬರುತ್ತದೆ, ಏಕೆಂದರೆ ಹೊಸ ಥ್ರೆಡ್ ಹುಟ್ಟಿಯೇ ಇರುವುದಿಲ್ಲ. ವೇಯ್ಟ್, ನೋಟಿಫೈಗಳನ್ನು ಸಿಂಕ್ರೊನೈಸ್ಡ್ ಆವರಣದ ಹೊರಗೆ ಕರೆದರೆ ‘ಇಲ್ಲೀಗಲ್ ಮಾನಿಟರ್ ಸ್ಟೇಟ್ ಎಕ್ಸೆಪ್ಷನ್’ ಬರುತ್ತದೆ.

ಐದನೇ_ಸೆಮಿಸ್ಟರ್

ಜಿಡಿಬಿಯಲ್ಲಿ ಬೀಗದಕೈ ಅವರು ಹೇಳಿದಂತೆಯೇ ಎರಡು ಓನರ್ ಸಂಖ್ಯೆಗಳೂ ಅಡ್ಡಡ್ಡ ಕಂಡವು. ಒಂದು ಸಂದೇಹ: ಕ್ರಮ ಬದಲಾಯಿಸುವ ಮೊದಲು ಎರಡು ಲಾಕ್‌ಗಳ ಹಿಂದೆ ಒಂದು ಪ್ರಿಂಟ್‌ಎಫ್ ಹಾಕಿ ನೋಡಿದ್ದೆ. ಆಗ ಪ್ರೋಗ್ರಾಂ ನಿಲ್ಲಲೇ ಇಲ್ಲ. ಅದು ಏಕೆ?

ಸ್ಯಾನಿಟೈಸರ್_ಅಭಿಮಾನಿ

ಪ್ರಿಂಟ್‌ಎಫ್ ತನ್ನದೇ ಲಾಕ್ ಹಿಡಿದು ಕೆಲಸ ಮಾಡುತ್ತದೆ, ಸಮಯವನ್ನೂ ತಿನ್ನುತ್ತದೆ. ಹಾಗಾಗಿ ಎರಡೂ ಥ್ರೆಡ್‌ಗಳು ಅದೇ ಕ್ಷಣದಲ್ಲಿ ಎದುರಾಗುವ ಸಂದರ್ಭ ಅಪರೂಪವಾಯಿತು. ಥ್ರೆಡ್ ಪ್ರೋಗ್ರಾಮಿನಲ್ಲಿ ಮುದ್ರಣ ಹಾಕಿ ಹುಡುಕುವುದರ ಅನನುಕೂಲ ಇದೇ. ಆ ಹಳೆಯ ಕೋಡನ್ನು ಇಟ್ಟುಕೊಂಡಿದ್ದರೆ ಪ್ರಿಂಟ್‌ಎಫ್ ಸಹಿತವಾಗಿಯೇ ಥ್ರೆಡ್‌ಸ್ಯಾನಿಟೈಸರಿನಲ್ಲಿ ಓಡಿಸಿ: ಪ್ರೋಗ್ರಾಂ ನಿಲ್ಲದಿದ್ದರೂ ‘ಲಾಕ್-ಆರ್ಡರ್-ಇನ್ವರ್ಷನ್’ ಎಂಬ ಎಚ್ಚರಿಕೆ ಬರುತ್ತದೆ. ಒಮ್ಮೆ ‘ಅ’ ನಂತರ ‘ಬ’, ಮತ್ತೊಮ್ಮೆ ‘ಬ’ ನಂತರ ‘ಅ’ ಹಿಡಿದದ್ದನ್ನು ಅದು ಗುರುತಿಟ್ಟುಕೊಂಡಿರುತ್ತದೆ.

ಬೀಗದಕೈ

ಸಲ್ಲಿಸುವ ಮುನ್ನ ಒಂದೇ ಖಾತೆಯಿಂದ ಅದೇ ಖಾತೆಗೆ ವರ್ಗಾವಣೆ ಮಾಡಿಯೂ ನೋಡಿ. ಕ್ರಮ ಸರಿಯಿದ್ದರೂ ಒಂದೇ ಮ್ಯೂಟೆಕ್ಸನ್ನು ಒಂದೇ ಥ್ರೆಡ್ ಎರಡು ಸಲ ಹಿಡಿಯಲು ಹೋಗುತ್ತದೆ, ಮತ್ತು ಸಾಮಾನ್ಯ ಮ್ಯೂಟೆಕ್ಸ್ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಖಾತೆಗಳು ಒಂದೇ ಆಗಿದ್ದರೆ ಲಾಕಿಗೆ ಕೈ ಹಾಕುವ ಮೊದಲೇ ಹಿಂದಿರುಗಿ. ಪರೀಕ್ಷೆಯ ಕಾಲಕ್ಕೆ ಮ್ಯೂಟೆಕ್ಸಿನ ಬಗೆಯನ್ನು ಎರರ್‌ಚೆಕ್ ಎಂದು ಇಟ್ಟುಕೊಂಡರೆ ಅದು ನಿಲ್ಲುವ ಬದಲು ಇಡೆಡ್‌ಲಾಕ್ ಎಂಬ ದೋಷಸಂಖ್ಯೆಯನ್ನು, ಲಿನಕ್ಸಿನಲ್ಲಿ 35 ಅನ್ನು, ಹಿಂದಿರುಗಿಸುತ್ತದೆ. ಲಾಕ್ ಫಂಕ್ಷನ್ ಕೊಡುವ ಬೆಲೆಯನ್ನು ನಿಮ್ಮ ಕೋಡ್ ಪರಿಶೀಲಿಸುತ್ತಿದ್ದರೆ ಮಾತ್ರ ಅದು ನಿಮಗೆ ಕಾಣುತ್ತದೆ.